ಐನೂರು ಅಕ್ಷರ ಮೀರದಂತೆ

ರಾಯಚೂರು ಮಹಿಳಾ ಠಾಣೆ. ರಾತ್ರಿ ಒಂದೂವರೆ.
ಕಂಪನಿಯ ಉತ್ತರ ಬಂತು:
ಖಾತೆದಾರರ ಖಾಸಗಿತನಕ್ಕೆ ನಾವು ಬದ್ಧರು,
ನ್ಯಾಯಾಲಯದ ಆದೇಶ ಲಗತ್ತಿಸಿ.

ನಾಳೆ ಎರಡನೇ ಶನಿವಾರ.
ಬೆಂಚಿನ ಮೇಲೆ ತಾಯಮ್ಮ,
ಹತ್ತಿ ಬಿಡಿಸಿ ಸೀಳಿದ ಬೆರಳು.
"ಏನಂತಾರವ್ವ?"
"ಕಾಗದ ಕೇಳ್ತಾರ."
"ಮತ್ತ ಕೊಡು."

ಹುಲಿಗೆಮ್ಮನ ಫೋನು ಕೊನೆಗೆ ಉಸಿರಾಡಿದ್ದು
ಕೃಷ್ಣೆಯ ಸೇತುವೆ ದಾಟುವಾಗ.
ಹೊಲಿಗೆ ಕೆಲಸ, ಊಟ ವಸತಿ ಪುಕ್ಕಟೆ ಎಂದವನ
ಹೆಸರು ಯಾವುದೋ ದೇಶದ ತಣ್ಣನೆ ಕೋಣೆಯಲ್ಲಿ
ಬೀಗದೊಳಗೆ ಮಲಗಿದೆ.

ಬೈಯಲು ಬಾಯಿ ತೆರೆದೆ.
ಹದಿನೇಳರಲ್ಲಿ ಅಣ್ಣ ನನ್ನ ಫೋನು ಕಸಿದು
ಬೀಗ ತೆಗೆಯಲಾಗದೆ ಗೋಡೆಗೆ ಬಡಿದಿದ್ದ.
ಅವತ್ತು ನನ್ನನ್ನು ಕಾದದ್ದು
ಇಂಥದೇ ಬೀಗ.
ಬಾಯಿ ಮುಚ್ಚಿದೆ.

ಅರ್ಜಿಯ ಕೆಳಗೆ ಇನ್ನೊಂದು ಖಾನೆ:
ತುರ್ತಿದ್ದರೆ ಮಾತ್ರ.
ಪ್ರಾಣಾಪಾಯವೆಂದು ನಿಮಗೆ ಹೇಗೆ ಗೊತ್ತು?
ಐನೂರು ಅಕ್ಷರ ಮೀರದಂತೆ ತಿಳಿಸಿ.

ಹೇಗೆ ಗೊತ್ತು? ತಾಯಮ್ಮನನ್ನೇ ಕೇಳಿದೆ.
"ಹಾಸ್ಟೆಲ್ಲಿಂದ ದಿನಾ ಫೋನ್ ಹಚ್ಚಾಕಿ,
ಕೋಳಿಗೆ ಬುಟ್ಟಿ ಮುಚ್ಚಿದೇನಬೇ ಅಂತ.
ನಾಕು ರಾತ್ರಿ ಆತು,
ಕೋಳಿ ಸುದ್ದಿ ಯಾರೂ ಕೇಳವಲ್ರು."

ಅದನ್ನೇ ಬರೆದೆ, ಅವಳ ಮಾತಿನಲ್ಲೇ.
ಒತ್ತಿದೆ.
ಗೂಡ್ಸ್ ಗಾಡಿಯೊಂದು ಠಾಣೆಯ ಗಾಜು ನಡುಗಿಸಿ ಹೋಯಿತು.
ನಾನೂರು ಚಿಲ್ಲರೆ ಅಕ್ಷರ ಉಳಿದಿದ್ದವು.