ಇಂಜಿನ್ ನಂಬರು

ಲಿಗೋರಿ ಬಾಪ್ಪುವಿನ ಪ್ರಾರ್ಥನೆ ಪುಸ್ತಕದ ಕೊನೆಯಲ್ಲಿ,
ಸಂತರ ಹಬ್ಬಗಳ ಪಟ್ಟಿಯ ಕೆಳಗೆ,
ಪೆನ್ಸಿಲಿನಲ್ಲಿ ಬಿಎಸ್‌ಎ ಬೈಕಿನ ನಂಬರು.

ಬೋಳಾರದ ಹಂಚಿನ ಮೇಸ್ತ್ರಿಗೆ ಮಾರಿದ್ದಂತೆ,
ಅವನು ಸಾಲಕ್ಕೆ ಬಂದರದ ಹಮ್ಮಬ್ಬರಿಗೆ ಬಿಟ್ಟನಂತೆ.
ಹಮ್ಮಬ್ಬರ ಮೊಮ್ಮಗ ನಕ್ಕ:
"ಗಾಡಿಯಾ? ಅದು ಮೀನಿಗೆ ಹೋಯ್ತು."

ಮಲ್ಪೆ. ಐಸು ಪುಡಿ ಮಾಡುವ ಶೆಡ್ಡು.
ಚಕ್ರವಿಲ್ಲ, ಹ್ಯಾಂಡಲಿಲ್ಲ;
ಸಿಮೆಂಟಿನಲ್ಲಿ ಅರ್ಧ ಹೂತ ಇಂಜಿನ್ನು.
ಉಪ್ಪುತುಕ್ಕು ಕೆರೆದೆ.
ಏಳು ಅಂಕೆಯಲ್ಲಿ ಐದು ಸಿಕ್ಕವು, ಸಾಕು.

ಶೀನ ಕುಂದರ್ ಒದ್ದರು.
ಮೂರನೇ ಒದೆಗೆ ಕೆಮ್ಮಿತು,
ಬೀಡಿ ಎಳೆದ ಬಾಪ್ಪುವೇ.

"ಕೊಡ್ತೀರಾ?"
"ಸೀಸನ್ ಮುಗೀಲಿ ಮಾರಾಯ್ರೆ."

ಅದು ಒಡೆದ ಐಸಿನಲ್ಲೇ ಎಂಟು ಬಂಗುಡೆ ಕಟ್ಟಿಸಿಕೊಂಡು
ಬಸ್ಸು ಹತ್ತಿದೆ.
ಮುಲ್ಕಿ ದಾಟುವಷ್ಟರಲ್ಲಿ ಸೀಟಿನಡಿ ತೊಟ್ಟಿಕ್ಕತೊಡಗಿತು.
ಕಂಡಕ್ಟರ್ ಬೈದ,
ಅಂಗಳದ ಎಣ್ಣೆಕಲೆ ಕಂಡು
ಅಜ್ಜಿ ಬೈಯುತ್ತಿದ್ದ ಹಾಗೆ,
ಬಾಪ್ಪು ಆಗಲೇ ಗೇಟು ದಾಟಿರುತ್ತಿದ್ದ.