ಅರಳದ ಕಾಳು

ಮಿಲ್ಲಿನ ಸೈರನ್ ನಿಂತುಹೋದ ಮೇಲೂ
ಅಪ್ಪ ಐದೂವರೆಗೇ ಏಳುತ್ತಿದ್ದ.
ಕಪ್ಪು ರಟ್ಟಿನ ಪುಸ್ತಕ ತೊಡೆಯ ಮೇಲಿಟ್ಟುಕೊಂಡು
ಓದುವ ಮೊದಲು ಕೆಮ್ಮುತ್ತಿದ್ದ.
ಇಪ್ಪತ್ತಾರು ವರ್ಷ ನುಂಗಿದ ಹತ್ತಿಯ ಧೂಳು
ಆಮೆನ್ ಅನ್ನುವಷ್ಟರಲ್ಲಿ
ಅರ್ಧ ಹೊರಗೆ, ಅರ್ಧ ಒಳಗೆ.

ಅಮ್ಮ, ಸುವಾರ್ತಮ್ಮ,
ಆಗ ಜಬ್ಬಾರ್ ಸಾಬರ ಮಂಡಕ್ಕಿ ಭಟ್ಟಿಗೆ ಹೋಗತೊಡಗಿದಳು.
ಹೊಟ್ಟಿನ ಬೆಂಕಿ, ಕಾದ ಮರಳು, ಹುಬ್ಬಿನ ಮೇಲೆ ಮಸಿ.
ಭಾನುವಾರದ ಬಿಳಿ ಸೀರೆಗೂ ಹೊಗೆ ಹತ್ತಿ
ಬೆಂಚಿನಲ್ಲಿ ಪಕ್ಕದವರು ಒಂದಿಷ್ಟು ಸರಿದು ಕೂರುವರು.

ಜ್ಞಾನಮಿತ್ರ ಪಾದ್ರಿಗೆ ಅದರಲ್ಲೊಂದು ಪ್ರಸಂಗ ಸಿಕ್ಕಿತು.
"ಕಾದ ಮರಳಿಗೆ ಬಿದ್ದ ಅಕ್ಕಿ ಸುಡುವುದಿಲ್ಲ ಪ್ರಿಯರೇ, ಅರಳುತ್ತದೆ.
ಕಷ್ಟದ ಬಾಣಲೆಯಲ್ಲಿ ನಂಬಿಕೆಯೂ ಹಾಗೆ."
ಜನ ತಲೆದೂಗಿದರು.
ಅಮ್ಮ ಬಾಯಿಗೆ ಸೆರಗು ಹಿಡಿದಳು.
ಅಳು ಅಂದುಕೊಂಡೆ. ನಗು.
ಬರುವಾಗ ರೈಲ್ವೆ ಗೇಟು ಬಿದ್ದು ನಿಂತಿದ್ದೆವು.
ಗೂಡ್ಸ್ ಗಾಡಿ ಮುಗಿಯುವವರೆಗೆ ಕಾದು ಹೇಳಿದಳು:
"ಅಯ್ಯನೋರು ಒಂದಿನ ಭಟ್ಟಿಗೆ ಬರಬೇಕು ನೋಡು.
ಎಷ್ಟು ಸುಡ್ತಾವೆ, ಎಷ್ಟು ಅರಳಂಗೇ ಇಲ್ಲ,
ಜರಡಿ ಹಿಡಿಯೋಳಿಗೆ ಗೊತ್ತು."

ಅರಳದವನ್ನು ಅವಳು ಮನೆಗೆ ತರುತ್ತಿದ್ದಳು,
ಸಾಬರು ಬೇಡವೆನ್ನಲಿಲ್ಲ.
ಬೀಸಿ, ಕುದಿಸಿ, ಗಂಜಿ.
ಉಪ್ಪು ಹಾಕಬೇಕಿಲ್ಲ, ಕಾಳಿಗೇ ಹತ್ತಿರುತ್ತದೆ.
ಹಲ್ಲಿಗೆ ಮರಳು ಸಿಕ್ಕರೆ ಉಗುಳಿ, ಮತ್ತೆ ಉಣ್ಣುವುದು.

ಗರಿಗಳ ಭಾನುವಾರದ ಹಿಂದಿನ ದಿನ
ಚಿಗಟೇರಿ ಆಸ್ಪತ್ರೆಯಲ್ಲಿ, ಅಪ್ಪ,
ನಾನು ನಲ್ಲಿಗೆ ಬಾಟಲಿ ಹಿಡಿದಿದ್ದ ಹೊತ್ತಿನಲ್ಲಿ.
ಅಷ್ಟೇ.

ಆಮೇಲೆ ಒಂದು ವರ್ಷ ಅಮ್ಮ ಕಣ್ಣು ಮುಚ್ಚಲಿಲ್ಲ,
ಪ್ರಾರ್ಥನೆಗೆ.
ಎಲ್ಲರ ತಲೆ ಬಾಗಿದಾಗ ಅವಳದೊಂದು ನೆಟ್ಟಗೆ,
ಗೋಡೆಯ ಮೇಲಿನ ಮರದ ಶಿಲುಬೆಯನ್ನು
ಕೈಗಡ ಹಿಂದಿರುಗಿಸದವರ ಬಾಗಿಲು ನೋಡುವ ಹಾಗೆ ನೋಡುತ್ತ.
ಹಾಡಿಗೆ ಎದ್ದು ನಿಲ್ಲುವಳು, ಹಾಡಳು.
ರೊಟ್ಟಿ, ದ್ರಾಕ್ಷಾರಸದ ಸಾಲಿಗೆ ಹೋಗಳು.
ಆದರೆ ಒಂದೇ ಒಂದು ಭಾನುವಾರ ತಪ್ಪಿಸಲಿಲ್ಲ.

"ಅಷ್ಟು ಸಿಟ್ಟಿದ್ದ ಮೇಲೆ ಯಾಕಮ್ಮ ಹೋಗ್ತಿ?"
ಹತ್ತನೇ ಕ್ಲಾಸಿನ ಜಾಣತನದಲ್ಲಿ ಕೇಳಿದೆ.
ಜರಡಿ ಕೊಡವುತ್ತಲೇ ಅಂದಳು:
"ಸಿಟ್ಟು ಯೇಸಪ್ಪನ ಮ್ಯಾಲೆ.
ಅವನ ಮನೆಗೆ ಹೋಗದೆ
ಇನ್ಯಾರ ಮನೆ ಮುಂದೆ ನಿಂತು ಜಗಳ ಆಡ್ಲಿ?"

ಒಲೆಯ ಪಕ್ಕ ಹಿಡಿ ಅಕ್ಕಿಯ ಡಬ್ಬಿ, ಡಾಲ್ಡಾದ್ದು.
ಅನ್ನಕ್ಕಿಡುವ ಮುಂಚೆ ಅದಕ್ಕೊಂದು ಹಿಡಿ,
ತಿಂಗಳಿಗೊಮ್ಮೆ ಚರ್ಚಿಗೆ.
ಅಕ್ಕಿಯೇ ಇಲ್ಲದ ಆ ಆಗಸ್ಟಿನಲ್ಲಿ
ಅರಳದ ಕಾಳನ್ನೇ ಹಾಕಿದಳು, ದಿನಕ್ಕೊಂದು ಹಿಡಿ,
ಕಲ್ಲು ಎಸೆದ ಹಾಗೆ ಸದ್ದು ಬರುವಂತೆ.
ಹೊತ್ತುಕೊಂಡು ಹೋದವನು ನಾನು.
ನಾಚಿಕೆಗೆ, ಪಾದ್ರಿಯ ಹೆಂಡತಿ ಎಸ್ತರಮ್ಮನ ಕೈಗಿತ್ತು ಓಡಿಬಂದೆ.
ಡಬ್ಬಿ ವಾಪಸು ಬಂತು, ತೊಳೆದು, ಒರೆಸಿ.
ಮಾತಿಲ್ಲ.

ಬಹಳ ವರ್ಷದ ಮೇಲೆ ಪಾದ್ರಿಯ ಮಗ
ಆಟೋ ಸ್ಟ್ಯಾಂಡಿನಲ್ಲಿ ಚಾ ಅರ್ಧ ಮಾಡಿಕೊಳ್ಳುತ್ತ ನಕ್ಕ:
"ನಿಮ್ಮನೆ ಕಾಳಿನ ಗಂಜಿ ಕಣಪ್ಪ, ನಮಗೂ ಆ ತಿಂಗಳು ಅದೇ.
ಬರೀ ಮರಳು!
ಅಪ್ಪ ಆ ಪ್ರಸಂಗ ಮತ್ತೆ ಮಾಡಲೇ ಇಲ್ಲ."

ಡಬ್ಬಿ ಈಗ ನನ್ನ ಮನೆಯಲ್ಲಿದೆ.
ಬಣ್ಣ ಹೋಗಿ, ತಳ ಒಂದು ಕಡೆ ತುಕ್ಕು.
ಕೆಲವು ದಿನ ಕೈ ಅದರತ್ತ ಹೋಗುತ್ತದೆ,
ಕೆಲವು ದಿನ ಹೋಗುವುದಿಲ್ಲ; ಅದು ಅಲ್ಲೇ ಇರುತ್ತದೆ.

ಅಮ್ಮ ಮತ್ತೆ ಯಾವ ಭಾನುವಾರ ಕಣ್ಣು ಮುಚ್ಚಿದಳೋ
ನಾನು ಹೇಳಲಾರೆ.
ಆ ಹೊತ್ತಿಗೆ
ನನ್ನವೂ ಮುಚ್ಚಿದ್ದವು.