ಏಳು

ನಮ್ಮೂರು ಮುಲ್ಕಿ. ಇಲ್ಲಿ ಗಾಡಿಯ ಕಾಗದಕ್ಕೆ
ಮುಲ್ಕಿಯಾ ಅನ್ನುತ್ತಾರೆಂದು ತಿಳಿದ ದಿನ
ಬಂದ ಹೊಸದರಲ್ಲಿ ಸುಮ್ಮನೆ ಒಂದು ಹೆಮ್ಮೆ.
ಅದರಲ್ಲಿ ಬರೆದಿತ್ತು: ಆಸನ ಐದು.

ನಾವು ನಾಲ್ವರು. ಐದನೆಯದು ತರಕಾರಿ ಚೀಲಕ್ಕೆ,
ಒಮ್ಮೊಮ್ಮೆ ಹರಿಣಾಕ್ಷಿಯ ಸಿಟ್ಟಿಗೆ.
ಹಿಂದೆ ಡಿಕ್ಕಿಯಲ್ಲಿ ನನ್ನ ಬೇರೆಯೇ ಸಂಸಾರ:
ಸಲಿಕೆ, ಎಳೆಯುವ ಹಗ್ಗ, ಗಾಳಿ ಪಂಪು,
ಇದ್ದಲು, ಕೋಳಿ ಸುಡುವ ಜಾಲರಿ.
ರಜೆಯ ಹಿಂದಿನ ರಾತ್ರಿಯೇ ತುಂಬಿಟ್ಟು
ಬೆಳಗಾಗುವ ಮೊದಲೇ ಬದಾಯರಿನ ಮರಳಿಗೆ.

ಆಮೇಲೆ ನಾದಿನಿ ವಿನೋದ ಬಂದಳು,
ಎರಡು ಮಕ್ಕಳು, ಆರು ಚೀಲ.
ಗಂಡನ ಕಂಪೆನಿ ಮುಚ್ಚಿತ್ತು, ಕಾರು ಬ್ಯಾಂಕಿನ ಪಾಲಾಗಿತ್ತು,
ಅವನು ಅಬುಧಾಬಿಯಲ್ಲಿ ಯಾರದೋ ಕೋಣೆಯ ನೆಲದ ಮೇಲೆ
ಮಲಗಿ ಕೆಲಸ ಹುಡುಕುತ್ತಿದ್ದ.
"ಒಂದು ತಿಂಗಳು ಭಾವ" ಅಂದಳು.
ಅಜ್ಮಾನಿನ ಎರಡು ಕೋಣೆ ಹೇಗೋ ಹಿಗ್ಗಿತು.
ಗಾಡಿ ಹಿಗ್ಗಲಿಲ್ಲ.

ಮೊದಲ ಸಲ ಚಿರಂತನನ್ನು ಡಿಕ್ಕಿಯಲ್ಲಿ ಕೂರಿಸಿದೆ.
ಪೊಲೀಸ್ ಗಾಡಿ ಕಂಡಿತು. "ಮಲಗು" ಅಂದೆ.
ಹಗ್ಗದ ಸುರುಳಿಗೆ ತಲೆ ಕೊಟ್ಟು ಮಲಗಿದ.
ದಾಟಿದ ಮೇಲೂ ಏಳಲಿಲ್ಲ. ಮನೆ ಬರುವ ತನಕ ಏಳಲಿಲ್ಲ.
ಮರುದಿನ ಯಾರಿಗೂ ಹೇಳದೆ ಸಜಾದ ಗುಜರಿಗೆ ಹೋದೆ.

ಮುಂಭಾಗ ನಜ್ಜುಗುಜ್ಜಾದ ನಮ್ಮದೇ ಮಾಡೆಲು ಅಲ್ಲಿತ್ತು,
ಹಿಂದಿನೆರಡು ಸೀಟಿಗೆ ಗೀರೂ ಇಲ್ಲ.
ಎಂಟುನೂರು ಅಂದ, ಆರುನೂರಕ್ಕೆ ಇಳಿದ.
ಗುಲ್ ಜಮಾನ್ ಹಲ್ಲಿನಲ್ಲಿ ಟಾರ್ಚು ಕಚ್ಚಿಕೊಂಡು
ನಮ್ಮ ಗಾಡಿಯ ಕಾರ್ಪೆಟ್ ಎತ್ತಿದ.
ಕೆಳಗೆ ಎಂಟು ತೂತು. ಎಂಟಕ್ಕೂ ರಬ್ಬರ್ ಮುಚ್ಚಳ.
ಒಳಗಿನ ತಿರುಪು ನಿನ್ನೆ ಕೊರೆದ ಹಾಗೆ.
"ಹೊಸದಾಗಿ ಏನೂ ಕೊರೆಯಬೇಕಿಲ್ಲ ಸೇಠ್,
ಜಾಗ ಮೊದಲೇ ಬಿಟ್ಟಿದ್ದಾರೆ."
ಹನ್ನೊಂದು ವರ್ಷ ಅದರ ಮೇಲೆ ಇದ್ದಲು ಹೇರಿದ್ದೆ ನಾನು.
ಮುಚ್ಚಳ ಹರಿದ ಒಂದರಲ್ಲಿ ಮಾತ್ರ ಮರಳು.
ಅವನು ಊದಿದ. ನನ್ನ ಕಣ್ಣಿಗೇ ಬಿತ್ತು.

ಎಡಗಡೆ ಸೀಟಿನ ಬೆನ್ನಿಗೆ ಪೆನ್ನಿನಲ್ಲಿ ಗೀಚಿದ ಅರಬಿ.
ಲಿಖಿತ್ ಶಾಲೆಯಲ್ಲಿ ಕಲಿತದ್ದನ್ನೆಲ್ಲ ಕೂಡಿಸಿ
ಬಲದಿಂದ ಎಡಕ್ಕೆ ಬೆರಳಿಟ್ಟು ಓದಿದ:
"ಇದು ಹಮದನ ಜಾಗ. ಏಳು."
ಆ ನಜ್ಜುಗುಜ್ಜಾದ ಮುಂಭಾಗ ನೆನಪಾಯಿತು.
ಯಾರೂ ಏನೂ ಕೇಳಲಿಲ್ಲ. ಚಿರಂತ್ ಅದರಲ್ಲೇ ಕೂತ.

ಪಾಸಿಂಗಿನವನು ಒಂದೊಂದೇ ಬೆಲ್ಟು ಎಳೆದು ನೋಡಿ
ಹೊಸ ಮುಲ್ಕಿಯಾ ಕೊಟ್ಟ. ಐದರ ಜಾಗದಲ್ಲಿ ಏಳು.
ಇದ್ದಲು ಮಾಳಿಗೆ ಹತ್ತಿತು, ಜಾಲರಿ ದಾರಿಯುದ್ದಕ್ಕೂ ಗಲಗಲ.
ಹಿಂದೆ ಭಾರ ಹೆಚ್ಚಿ ಮರಳಿನಲ್ಲಿ ಮೂರು ಸಲ ಹೂತೆವು,
ಏಳು ಜನ ಇಳಿದು ನೂಕಿದೆವು.
ವಿನೋದ ನಕ್ಕದ್ದು ಅವತ್ತೇ ಮೊದಲು,
ಬಾಯಿ ತುಂಬ ಮರಳು.

ಒಂದು ತಿಂಗಳು ಎಂಟಾಯಿತು.
ರುವೈಸಿನಲ್ಲಿ ಅವನಿಗೆ ಕೆಲಸ ಸಿಕ್ಕಿತು.
ಮೂರೂವರೆ ಗಂಟೆ ದಾರಿ ಬಿಟ್ಟು ಬಂದೆ ಅವರನ್ನು,
ಹಿಂತಿರುಗುವಾಗ ಆ ಬೆಲ್ಟುಗಳ ಕೊಂಡಿ
ಪ್ರತಿ ಉಬ್ಬಿಗೂ ಟಕ್ ಅನ್ನುತ್ತಿತ್ತು.

ಶನಿವಾರ ಸ್ಪ್ಯಾನರ್ ಹಿಡಿದು ಹಿಂದೆ ಹೊಕ್ಕೆ.
ನನ್ನ ಡಿಕ್ಕಿ ನನಗೆ ಬೇಕಿತ್ತು, ಸುಳ್ಳೇಕೆ.
ಒಂದು ಬೋಲ್ಟು ಬಿಚ್ಚಿ ಜೇಬಿಗೆ ಹಾಕಿ
ಎರಡನೆಯದಕ್ಕೆ ಬಗ್ಗಿದಾಗ ಕಂಡಿತು,
ಹಮದನ ಸಾಲಿನ ಕೆಳಗೆ
ಶನಿವಾರದ ಕನ್ನಡ ಪಾಠದ ದಪ್ಪ ಅಕ್ಷರ,
ದೀರ್ಘ ಎಂದಿನಂತೆ ಮರೆತು:

"ಇದು ಚಿರಂತನ ಜಾಗ.
ಯಾರು ಕೂತಿದ್ದರು ಏಳಬೆಡಿ."

ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಸ್ವಲ್ಪ ಹೊತ್ತು ಕೂತೆ.
ಮೇಲಿನಿಂದ ಹರಿಣಾಕ್ಷಿ ಕೂಗಿದಳು, ಊಟ ಆರುತ್ತಿದೆ ಎಂದು.
ಜೇಬಿನ ಬೋಲ್ಟು ತೆಗೆದು ಇದ್ದಲ್ಲೇ ತಿರುಗಿಸಿದೆ.
ಬೆರಳಿಗೆ ಸಾಕಾಗುವಷ್ಟು ಬಿಗಿ.